ಸುರಪುರದ ರಾಜಾ ವೆಂಕಟಪ್ಪನಾಯಕ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ನಾಡಿನಲ್ಲಿ, ಶಹಾಪುರದ ದಕ್ಷಿಣಕ್ಕೆ, ಬೆಟ್ಟಗಳು ಸುತ್ತುವರಿದ ಊರು ಸುರಪುರ. ಇಂದು ಅದು ಯಾದಗಿರಿ ಜಿಲ್ಲೆಗೆ ಸೇರಿದೆ. ಇಲ್ಲಿಯ ಬೇಡ ನಾಯಕರು 1705ರಲ್ಲಿ ವಾಗಿನಗೇರಿಯ ಕೋಟೆಯಿಂದ ಔರಂಗಜೇಬನ ಮಹಾಸೈನ್ಯವನ್ನೇ ಎದುರಿಸಿದ್ದರು. ಆ ವೀರ ಮನೆತನದಲ್ಲಿ ರಾಜ್ಯವಾಳಿದ ಕೊನೆಯ ಅರಸನೇ ರಾಜಾ ವೆಂಕಟಪ್ಪನಾಯಕ.

1841ರಲ್ಲಿ ತಂದೆ ಕೃಷ್ಣಪ್ಪನಾಯಕನು ಮೃತನಾದಾಗ ವೆಂಕಟಪ್ಪನು ಎಳೆಯ ಬಾಲಕನಾಗಿದ್ದನು. ಬೊಕ್ಕಸ ಬರಿದಾಗಿತ್ತು, ಅರಮನೆಯಲ್ಲಿ ಒಳಜಗಳ ಹೊಗೆಯಾಡುತ್ತಿತ್ತು. ತಾಯಿ ಈಶ್ವರಮ್ಮನು ಮಗನ ಪರವಾಗಿ ಅಧಿಕಾರ ವಹಿಸಿಕೊಂಡಳು. ಆಡಳಿತವನ್ನು ಸರಿಪಡಿಸಲೆಂದು ಬ್ರಿಟಿಷರು ಕ್ಯಾಪ್ಟನ್ ಮೆಡೋಸ್ ಟೇಲರನನ್ನು ಕಳುಹಿಸಿದರು. ಟೇಲರನು ದಕ್ಷನೂ ಪ್ರಜಾಹಿತೈಷಿಯೂ ಆಗಿದ್ದನು. ತಂದೆಯಿಲ್ಲದ ಬಾಲಕನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. 1853ರಲ್ಲಿ ವೆಂಕಟಪ್ಪನಿಗೆ ರಾಜ್ಯಾಧಿಕಾರ ದೊರೆಯಿತು. ಟೇಲರನು ಸುರಪುರವನ್ನು ಬಿಟ್ಟು ತೆರಳಿದನು.

1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಹೊತ್ತಿದ ಸ್ವಾತಂತ್ರ್ಯಜ್ವಾಲೆಯ ಸುದ್ದಿ ಸುರಪುರವನ್ನೂ ಮುಟ್ಟಿತು. ತರುಣ ರಾಜನು ಅರಬರನ್ನೂ ರೋಹಿಲರನ್ನೂ ಕೂಡಿಸಿ ಸೈನ್ಯವನ್ನು ಬೆಳೆಸಿದನು. ಅವನ ಮನವನ್ನು ತಿರುಗಿಸಲು ಬಂದ ಕ್ಯಾಪ್ಟನ್ ಕ್ಯಾಂಪ್‌ಬೆಲ್ಲನ ಯತ್ನ ಫಲಿಸಲಿಲ್ಲ. 1858ರ ಫೆಬ್ರುವರಿ 7ರ ರಾತ್ರಿ ಬೇಡರ ಪಡೆ ಆಂಗ್ಲರ ಪಾಳೆಯದ ಮೇಲೆ ಎರಗಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಹತನಾದನು. ಆದರೆ ಇನ್ನೂ ದೊಡ್ಡ ಸೈನ್ಯವೊಂದು ಸಮೀಪಿಸುತ್ತಿತ್ತು. ರಾಜನು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದನು, ಅಲ್ಲಿ ಸೆರೆಸಿಕ್ಕನು.

ಸೆರೆಯಲ್ಲಿದ್ದ ರಾಜನನ್ನು ಕಾಣಲು ಟೇಲರನು ಬಂದನು. ದಂಗೆಗೆ ಪ್ರೇರಿಸಿದವರ ಹೆಸರು ಹೇಳಿದರೆ ಕ್ಷಮೆ ದೊರೆತೀತೆಂಬ ಆಸೆಯಿತ್ತು. ಎದುರಿಗೆ ನಿಂತವನು ತನ್ನನ್ನು ಸಾಕಿ ಬೆಳೆಸಿದವನು. ಅವನ ಮೇಲಿನ ಪ್ರೀತಿ ಬತ್ತಿರಲಿಲ್ಲ. ಆದರೂ ರಾಜನು ಯಾರೊಬ್ಬರ ಹೆಸರನ್ನೂ ಹೇಳಲಿಲ್ಲ. ನೇಣಿಗಿಂತ ತೋಪಿನ ಬಾಯಿಯ ಮರಣವೇ ಲೇಸೆಂದನು. ನಂಬಿದವರಿಗೆ ದ್ರೋಹವೆಸಗಿ ಬದುಕುವುದು ಅವನಿಗೆ ಬೇಡವಾಗಿತ್ತು. ಈ ಸಂಗತಿಯನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ನ್ಯಾಯಾಲಯವು ಮರಣದಂಡನೆ ವಿಧಿಸಿತು. ಗವರ್ನರ್ ಜನರಲನು ಅದನ್ನು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಸಿದನು. ಮದರಾಸಿನ ಕಡೆಯ ಚೆಂಗಲ್ಪಟ್ಟಿಗೆ ಒಯ್ಯುವಾಗ, 1858ರ ಮೇ ತಿಂಗಳಿನಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಅಸುನೀಗಿದನು. ತಾನೇ ಗುಂಡು ಹಾರಿಸಿಕೊಂಡನೆಂದು ಆಂಗ್ಲರ ಬರಹಗಳು ಹೇಳುತ್ತವೆ. ಆಗ ಅವನ ವಯಸ್ಸು ಸುಮಾರು 24. ಬ್ರಿಟಿಷರು ವಶಪಡಿಸಿಕೊಂಡ ಸುರಪುರವು 1860ರಲ್ಲಿ ನಿಜಾಮನ ಪಾಲಾಯಿತು.

ನಾಡಿಗಾಗಿ ಎದ್ದು ಸೆರೆಯಲ್ಲಿ ಮಡಿದ ನಾಯಕರು ಜಗತ್ತಿನ ಇತರ ಕಡೆಗಳಲ್ಲಿಯೂ ಉಂಟು. ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಗುಲಾಮರ ಕ್ರಾಂತಿಯನ್ನು ಮುನ್ನಡೆಸಿದ ತೂಸಾಂ ಲೂವೆರ್ತ್ಯೂರನು 1803ರಲ್ಲಿ ಫ್ರಾನ್ಸಿನ ಸೆರೆಮನೆಯಲ್ಲಿ ಸತ್ತನು. ಮರುವರ್ಷವೇ ಹೈಟಿ ಸ್ವತಂತ್ರವಾಯಿತು. ಸುರಪುರದ ಜನರಾದರೋ 90 ವರ್ಷ ಕಾಯಬೇಕಾಯಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಾಗ ಅವರು ಸ್ವತಂತ್ರ ಭಾರತದ ಪ್ರಜೆಗಳಾದರು. ರಾಜ್ಯವನ್ನು ಕಳೆದುಕೊಂಡರೂ ಮಾತನ್ನು ಕಳೆದುಕೊಳ್ಳದ ತರುಣ ಅರಸನನ್ನು ಆ ನಾಡು ಇಂದಿಗೂ ನೆನೆಯುತ್ತದೆ.