ಒತ್ತಡದ ಮರ್ಮವನ್ನರಿತ ಹಾನ್ಸ್ ಸೆಲ್ಯೆ

ಚೆನ್ನಾಗಿ ಓದಿದ ವಿಷಯವೂ ಪರೀಕ್ಷಾ ಕೊಠಡಿಯಲ್ಲಿ ನೆನಪಿಗೆ ಬಾರದೆ ಹೋಗುವುದುಂಟು. ಇದಕ್ಕೆ ಬುದ್ಧಿಮಾಂದ್ಯವೇ ಕಾರಣವೆಂದು ಬಗೆಯಬೇಕಾಗಿಲ್ಲ. ಕಳವಳಗೊಂಡ ದೇಹದಲ್ಲಿ ಸ್ರವಿಸುವ ಹಾರ್ಮೋನುಗಳ ವ್ಯಾಪಾರವೂ ಇದರಲ್ಲಿ ಅಡಗಿದೆ. ಈ ತಿಳಿವಿಗೆ ದಾರಿ ತೆರೆದ ವಿಜ್ಞಾನಿಗಳಲ್ಲಿ ಹಾನ್ಸ್ ಸೆಲ್ಯೆಯವರು ಅಗ್ರಗಣ್ಯರು.

ಸೆಲ್ಯೆಯವರು 1907ನೆಯ ಇಸವಿ ಜನವರಿ 26ರಂದು ವಿಯೆನ್ನಾ ನಗರದಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿ ಶಸ್ತ್ರವೈದ್ಯರು. ಡ್ಯಾನ್ಯೂಬ್ ನದೀತೀರದ ಕೊಮಾರೋಮ್ ಪಟ್ಟಣದಲ್ಲಿ ಬೆಳೆದ ಬಾಲಕ ಮುಂದೆ ಪ್ರಾಗ್ ನಗರದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದನು. ಅಲ್ಲಿ ರೋಗಗಳು ಬೇರೆ ಬೇರೆಯಾದರೂ ಬಳಲಿಕೆ, ಅರುಚಿ, ಕೃಶತೆಗಳು ಎಲ್ಲ ರೋಗಿಗಳಲ್ಲಿಯೂ ಸಮಾನವಾಗಿರುವುದು ಅವನ ಕಣ್ಣಿಗೆ ಬಿತ್ತು. ಆ ಸಾಮ್ಯ ಮನಸ್ಸಿನಲ್ಲಿ ಬೀಜವಾಗಿ ಉಳಿಯಿತು.

ಮುಂದೆ ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಸೆಲ್ಯೆಯವರು ಹೊಸ ಹಾರ್ಮೋನೊಂದನ್ನು ಅರಸುತ್ತ, ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚಿದರು. ಮೂತ್ರಪಿಂಡಗಳ ಮೇಲಿರುವ ಅಡ್ರೀನಲ್ ಗ್ರಂಥಿ ಹಿಗ್ಗಿತು, ಥೈಮಸ್ ಗ್ರಂಥಿ ಕುಗ್ಗಿತು, ಜಠರದಲ್ಲಿ ಹುಣ್ಣಾಯಿತು. ಹೊಸ ಹಾರ್ಮೋನು ಕೈಗೆ ಸಿಕ್ಕಿತೆಂದು ಹಿಗ್ಗಿದ ಅವರಿಗೆ, ಫಾರ್ಮಲಿನ್ ಚುಚ್ಚಿದರೂ ಇದೇ ಫಲ ಕಂಡಾಗ ಘೋರ ನಿರಾಶೆಯಾಯಿತು. ಆದರೆ ಪ್ರಾಗ್‌ನ ರೋಗಿಗಳ ನೆನಪು ಅವರನ್ನು ಕೈಹಿಡಿಯಿತು. ಚಳಿ, ಅತಿಶ್ರಮ, ವಿಷ, ಯಾವುದೇ ಬಾಧೆಗೂ ದೇಹ ಒಂದೇ ರೀತಿ ಪ್ರತಿಕ್ರಿಯಿಸುತ್ತದೆಂಬ ಸಿದ್ಧಾಂತವನ್ನು ಅವರು 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲು ಎಚ್ಚರ, ಅನಂತರ ಪ್ರತಿರೋಧ, ಕೊನೆಗೆ ನಿತ್ರಾಣ ಎಂಬ ಮೂರು ಅವಸ್ಥೆಗಳನ್ನು ಗುರುತಿಸಿದರು. ಮುಂದೆ ಇದಕ್ಕೆ ‘ಒತ್ತಡ’ ಎಂಬ ಹೆಸರು ನೆಲೆಗೊಂಡಿತು.

ಅವರು ಹಾಕಿದ ಅಡಿಪಾಯದ ಮೇಲೆ ಇತರರು ಕಟ್ಟಿದರು. ಅಡ್ರೀನಲ್ ಗ್ರಂಥಿಯ ಹಾರ್ಮೋನು ನೆನಪಿನ ನೆಲೆಯಾದ ಮಿದುಳಿನ ಹಿಪ್ಪೋಕ್ಯಾಂಪಸ್ ಭಾಗವನ್ನು ಸೇರುತ್ತದೆಂದು ಬ್ರೂಸ್ ಮೆಕ್ಯೂಯೆನ್ ಮತ್ತು ಸಂಗಡಿಗರು 1968ರಲ್ಲಿ ಇಲಿಗಳಲ್ಲಿ ತೋರಿಸಿದರು. ಅಲ್ಪಕಾಲದ ಒತ್ತಡ ಆ ಕ್ಷಣದ ಅನುಭವವನ್ನು ಮನಸ್ಸಿನಲ್ಲಿ ಗಾಢವಾಗಿ ಅಚ್ಚೊತ್ತಬಲ್ಲದು. ಆದರೆ ಹಿಂದೆ ಕಲಿತದ್ದನ್ನು ಹೊರತೆಗೆಯುವ ವೇಳೆಗೆ ಅದೇ ಒತ್ತಡ ಅಡ್ಡಗಟ್ಟಬಲ್ಲದು. ದೀರ್ಘಕಾಲದ ಒತ್ತಡದಿಂದ ಇಲಿಗಳ ಹಿಪ್ಪೋಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಮುದುಡುತ್ತವೆ. ಒತ್ತಡ ನೀಗಿದಾಗ ಬಹುಮಟ್ಟಿಗೆ ಮತ್ತೆ ಚಿಗುರುತ್ತವೆ.

ಸೆಲ್ಯೆಯವರ ಕೀರ್ತಿಗೆ ಕಳಂಕವೂ ಇಲ್ಲದಿಲ್ಲ. ಅವರು ತಂಬಾಕಿನ ಉದ್ಯಮದಿಂದ ಧನಸಹಾಯ ಪಡೆದಿದ್ದರು. ಆದರೂ ಅವರ ಮುಖ್ಯ ಬೋಧೆ ಸತ್ತ್ವಯುತವಾದುದು: ಒತ್ತಡವೆಲ್ಲವೂ ಕೇಡಲ್ಲ, ಹುರುಪು ತುಂಬುವ ಒತ್ತಡ ಬೇರೆ, ಕುಗ್ಗಿಸುವ ಒತ್ತಡ ಬೇರೆ. 1974ರ ತಮ್ಮ ಗ್ರಂಥದಲ್ಲಿ ಇದನ್ನೇ ವಿವರಿಸಿದ ಅವರು 1982ರ ಅಕ್ಟೋಬರ್ 16ರಂದು ಮಾಂಟ್ರಿಯಲ್‌ನಲ್ಲಿ ಕಾಲವಾದರು.

ಉತ್ತರ ತೋಚದೆ ನಿಂತ ಬಾಲಕನನ್ನು ಗದರಿಸಿದರೆ ನೆನಪಿನ ಬಾಗಿಲು ಇನ್ನಷ್ಟು ಬಿಗಿಯಾದೀತು. ಹಿರಿಯರು ಕ್ಷಣಕಾಲ ತಾಳ್ಮೆಯಿಂದಿದ್ದರೆ, ಕಲಿತದ್ದು ತಾನಾಗಿಯೇ ಅವನ ನಾಲಗೆಗೆ ಬಂದೀತು.