ಸರ್ ಎಂ. ವಿಶ್ವೇಶ್ವರಯ್ಯನವರೂ ನೆರೆಯ ನೀರೂ

ನಮ್ಮ ಜಿಲ್ಲೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಮಗುವಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣನೆಲಕ್ಕೆ ಕಾವೇರಿಯನ್ನು ಹರಿಸಿದ ಮಹನೀಯರೆಂದೇ ನಾವು ಅವರನ್ನು ಬಲ್ಲೆವು. ಆದರೆ ಇದು ಅವರ ಸಾಧನೆಯ ಅರ್ಧ ಮಾತ್ರ. ಮಿತಿಮೀರಿ ಬಂದ ನೀರಿಗೆ ತಂಗಲು ಎಡೆ ಮಾಡಿಕೊಟ್ಟುದು ಇನ್ನೊಂದರ್ಧ. ಅದನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು.

ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಕೋಡಿಯನ್ನು ಗಾರೆಗೋಡೆಯಿಂದ ಎತ್ತರಿಸಿದರೆ ನೆರೆ ಬಂದಾಗ ಕಟ್ಟೆಗೇ ಅಪಾಯ. ವಿಶ್ವೇಶ್ವರಯ್ಯನವರು ತಾವೇ ಯೋಚಿಸಿ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ರಚಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟುವವರೆಗೆ ಅವು ತಡೆದು ನಿಲ್ಲಿಸುವುವು. ಮೀರಿದೊಡನೆ ತೆರೆದು ಹೊರಗೆ ಬಿಡುವುವು. 1903ರಲ್ಲಿ ಇವನ್ನು ಅಳವಡಿಸಿದಾಗ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಮಡಿದರು. ಮರುವರ್ಷ ನಿಜಾಮರ ಸರ್ಕಾರ ಇವರನ್ನು ಕರೆಸಿಕೊಂಡಿತು. ಇವರು ಮೊದಲು ನೋಡಿದ್ದು ಊರನ್ನಲ್ಲ, ಊರಿನ ಮೇಲ್ಭಾಗದ ಜಲಾನಯನವನ್ನು. ಅಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಂದರ ನೀರು ಇನ್ನೊಂದಕ್ಕೆ ನುಗ್ಗಿ ಒಡೆದಿದ್ದವು. ಆದುದರಿಂದ ನದಿಯ ದಂಡೆಯನ್ನು ಎತ್ತರಿಸಿದರೆ ಸಾಲದು, ನೆರೆಯನ್ನು ಮೇಲ್ಗಡೆಯೇ ಹಿಡಿದು ನಿಧಾನವಾಗಿ ಬಿಡಬೇಕೆಂದು ಅವರು ಸೂಚಿಸಿದರು. ಆ ಸಲಹೆಯಂತೆ ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಸಿದ್ಧವಾದುವು. ನೆರೆ ತಡೆಯಲೆಂದು ಕಟ್ಟಿದ ಆ ಸಾಗರಗಳೇ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

1909ರ ಕೊನೆಗೆ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಮಳೆಗಾಲದಲ್ಲಿ ಉಕ್ಕುವ ಕಾವೇರಿ ಬೇಸಗೆಯಲ್ಲಿ ಶಿವನಸಮುದ್ರದ ವಿದ್ಯುತ್ತಿಗೂ ಸಾಲುತ್ತಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1911ರಲ್ಲಿ ಕನ್ನಂಬಾಡಿಯ ಕೆಲಸ ಮೊದಲಾಯಿತು. ಮುಂದೆ ನಾಲೆ ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಬಂತು. ಹಳೆಯ ಕನ್ನಂಬಾಡಿಯೇ ಮೊದಲಾದ ಹಳ್ಳಿಗಳ ಜನ ಮನೆಮಾರು ಬಿಟ್ಟು ಎದ್ದುದರಿಂದಲೇ ಇದೆಲ್ಲ ಸಾಧ್ಯವಾಯಿತು. ಆ ಋಣ ನಮ್ಮ ಮೇಲಿದೆ.

ನಾನು ಮಳವಳ್ಳಿ ಕಡೆಯವನು. ನಾಲೆಯ ಕೊನೆಯ ನೀರಿನಲ್ಲಿ ಬೆಳೆದ ಕಬ್ಬು ಬತ್ತಗಳೇ ನಮ್ಮ ಮನೆಯಿಂದ ಮೊಟ್ಟಮೊದಲಿಗೆ ಒಬ್ಬನನ್ನು ಬಿ.ಎ. ತರಗತಿಗೆ ಕಳುಹಿಸಿದುವು. 2022ರಲ್ಲಿ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಬಿದ್ದು ಗದ್ದೆಗಳ ಮೇಲೂ ರಸ್ತೆಗಳ ಮೇಲೂ ನೀರು ಹರಿಯಿತು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆಯೇ ತುಂಬಲಿಲ್ಲ. ಒಂದು ವರ್ಷ ಮುಳುಗಿಸಿದ ನೀರಿಗೆ ಮರುವರ್ಷ ಬಾಯಿ ಬಿಡುವುದು ನಮ್ಮ ವಿಧಿಯಲ್ಲ, ನಮ್ಮ ಅಲಕ್ಷ್ಯ. ಹೂಳು ತುಂಬಿದ ಕೆರೆ ನೀರನ್ನು ಹಿಡಿಯದು. ಒತ್ತುವರಿಯಾದ ಕೋಡಿಹಳ್ಳ ನೀರನ್ನು ಬಿಡದು. ಇವೆರಡು ಸೇರಿದರೆ ಶಿಂಷೆಗೆ ಒಮ್ಮೆ ಕೆಸರಿನ ನೆರೆ, ಒಮ್ಮೆ ಬರಿಯ ಮರಳು.

1955ರಲ್ಲಿ ಭಾರತರತ್ನರಾಗಿ, 1962ರಲ್ಲಿ ನೂರು ತುಂಬಿದ ಬಾಳನ್ನು ಮುಗಿಸಿದ ಆ ಹಿರಿಯರ ಪ್ರತಿಮೆಗೆ ಪ್ರತಿ ಸೆಪ್ಟೆಂಬರ್ 15ರಂದು ಹಾರ ಹಾಕುತ್ತೇವೆ. ಅಂದೇ ನಮ್ಮ ನಮ್ಮ ಊರಿನ ಕೆರೆಯ ಏರಿ, ತೂಬು, ಕೋಡಿಗಳನ್ನೂ ಒಮ್ಮೆ ನಡೆದು ನೋಡಿದರೆ ಅವರಿಗೆ ಸಲ್ಲುವ ಗೌರವ ಪೂರ್ಣವಾದೀತು.