ಮೊದಲ ಸೂಜಿ ತನಗೇ: ಹಾಫ್‌ಕಿನ್ ಕಥೆ

ಅರಸೀಕೆರೆ ಅಂದ ಕೂಡಲೇ ಹಾಸ್ಟೆಲಲ್ಲಿ ಎಲ್ಲರೂ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ಅಂದುಕೊಳ್ತಾರೆ. ನಮ್ಮದು ಅದಲ್ಲ, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ, ಉಚ್ಚಂಗಿದುರ್ಗದ ಕಡೆಯದು. 2021ರಲ್ಲಿ ಕೋವಿಡ್ ಲಸಿಕೆ ಹಾಕುವವರು ಬೀದಿಗೆ ಬಂದಾಗ ನಮ್ಮಜ್ಜಿ ಹಿತ್ತಲ ಬಾಗಿಲಿಂದ ಹೊಲಕ್ಕೆ ಹೋದವರು ಸಂಜೆವರೆಗೂ ಬರಲಿಲ್ಲ. ಹೈಸ್ಕೂಲಲ್ಲಿದ್ದ ನಾವು ಬಿದ್ದು ಬಿದ್ದು ನಕ್ಕಿದ್ವಿ. ಈಗ ವಾಲ್ಡೆಮರ್ ಹಾಫ್‌ಕಿನ್ ಬಗ್ಗೆ ಓದುವಾಗ ಆ ನಗು ನೆನಪಾಗಿ ನಾಚಿಕೆ ಆಯ್ತು.

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಒಡೆಸ್ಸಾದಲ್ಲಿ. ಯೆಹೂದಿ ಅನ್ನೋ ಕಾರಣಕ್ಕೆ ಅಲ್ಲಿ ದೊಡ್ಡ ಹುದ್ದೆ ಸಿಗಲಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಬಂದಾಗಲೂ ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಬಿಡುವಿನಲ್ಲಿ ಲ್ಯಾಬಿಗೆ ಹೋಗಿ ಕಾಲರಾಕ್ಕೆ ಲಸಿಕೆ ತಯಾರಿಸಿದರು. 1892ರಲ್ಲಿ ಅದನ್ನು ಮೊದಲು ಚುಚ್ಚಿಕೊಂಡದ್ದು ತಮಗೇ. ಮುಂದಿನ ವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಸರ್ಕಾರ ಅವರನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಣ್ಣ ಜಾಗ, ಕೆಲವೇ ಸಹಾಯಕರು. ಸಾರಿನ ಮೇಲೆ ತುಪ್ಪದ ಹನಿ ತೇಲಿಸಿ ಪ್ಲೇಗ್ ರೋಗಾಣು ಬೆಳೆಸಿ, ಆಮೇಲೆ ಕಾಯಿಸಿ ಸಾಯಿಸುವ ವಿಧಾನ ಅವರದು. ಜನರ ನಂಬಿಕೆಗೆ ನೋವಾಗಬಾರದು ಅಂತ ದನ, ಹಂದಿ ಬಿಟ್ಟು ಆಡಿನ ಮಾಂಸದಿಂದ ಸಾರು ಮಾಡಿದರು. 1897ರ ಜನವರಿ 10ರಂದು ಮಾಮೂಲಿಗಿಂತ ಹೆಚ್ಚಿನ ಡೋಸನ್ನು ತಾವೇ ಚುಚ್ಚಿಕೊಂಡು ಜ್ವರ ಅನುಭವಿಸಿದರು. ಆಮೇಲೇ ಬೈಕುಲಾ ಜೈಲಿನಲ್ಲಿ, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಕೊಟ್ಟರು.

ಅದೇ ಹೊತ್ತಿಗೆ ಸರ್ಕಾರ ಬಲವಂತದ ದಾರಿ ಹಿಡಿದಿತ್ತು. ಪುಣೆಯಲ್ಲಿ ಸಿಪಾಯಿಗಳು ಮನೆ ಹೊಕ್ಕು ರೋಗಿಗಳನ್ನು ಹುಡುಕಿ ಎಳೆದೊಯ್ದರು. ಜನರ ಸಿಟ್ಟು ಎಷ್ಟಿತ್ತಂದ್ರೆ ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರ ಕೊಲೆಯೇ ಆಯಿತು. ಆದರೆ 1898ರಲ್ಲಿ ಪ್ಲೇಗ್ ನಮ್ಮ ಹುಬ್ಬಳ್ಳಿಗೆ ಬಂದಾಗ ಸಾವಿರ ಸಾವಿರ ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರು ಉಳಿಯೋದು ಅಕ್ಕಪಕ್ಕದವರ ಕಣ್ಣಿಗೆ ಕಾಣ್ತಿತ್ತು.

ಹೀಗೆ ಸಿಕ್ಕ ನಂಬಿಕೆ ಒಂದು ಬಾಟಲಿಯಿಂದ ಒಡೆಯಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಲ್ಯಾಬಿನದು ಅಂತ ತನಿಖೆ ಹೇಳಿತು, ಹಾಫ್‌ಕಿನ್ ಹುದ್ದೆ ಹೋಯಿತು. ಬಾಟಲಿ ತೆಗೆದಾಗ ನೆಲಕ್ಕೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ ಅನ್ನೋದು ಗೊತ್ತಾಗಿ, ರೊನಾಲ್ಡ್ ರಾಸ್‌ನಂಥ ವಿಜ್ಞಾನಿಗಳು ಅವರ ಪರ ಬರೆದ ಮೇಲೆ, 1907ರಲ್ಲಿ ಕಳಂಕ ಕಳೆಯಿತು. ಅವರು ಭಾರತಕ್ಕೆ ಮರಳಿದರು. 1925ರಲ್ಲಿ ಮುಂಬೈ ಲ್ಯಾಬಿಗೆ ಅವರ ಹೆಸರೇ ಬಂತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ನಾವು ಲ್ಯಾಬಿನಲ್ಲಿ ರೀಡಿಂಗ್ ಸರಿ ಬಂದ್ರೆ ಕೆಲಸ ಮುಗೀತು ಅಂದುಕೊಳ್ತೀವಿ. ಹಾಫ್‌ಕಿನ್‌ಗೆ ರೀಡಿಂಗ್ ಸರಿ ಬಂದ ಮೇಲೇ ಅರ್ಧ ಕೆಲಸ ಬಾಕಿ ಇತ್ತು. ಸೂಜಿಯ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಹೆದರಲು ಕಾರಣವೂ ಇರುತ್ತೆ.

ಪ್ಲೇಗ್ ಕಾಲದಲ್ಲಿ ನಮ್ಮ ಕಡೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ್ರು. ಇಲಿ ಸತ್ತ ಮನೆ ಬಿಡೋದು ನಿಜಕ್ಕೂ ಜೀವ ಉಳಿಸುತ್ತಿತ್ತು. ಅಜ್ಜಿ ಹೊಲಕ್ಕೆ ಹೋದದ್ದರಲ್ಲಿ ಆ ಹಳೆಯ ಬುದ್ಧಿಯೂ ಇತ್ತೇನೋ! ಕೊನೆಗೆ ಅವರು ಲಸಿಕೆ ಹಾಕಿಸಿಕೊಂಡದ್ದು ನಮ್ಮ ಭಾಷಣ ಕೇಳಿ ಅಲ್ಲ. ಪಕ್ಕದ ಮನೆಯಾಕೆ ಹಾಕಿಸಿಕೊಂಡು, ಒಂದು ದಿನ ಜ್ವರ ಬಂದು, ಮಾರನೇ ದಿನ ರೊಟ್ಟಿ ಬಡಿಯೋದನ್ನ ಕಣ್ಣಾರೆ ನೋಡಿದ ಮೇಲೆ.